ಪಂಕ್ತಿಯಲ್ಲಿ ಆಡಿದ ಮಾತು

ಎದುರಿಗಿರುವುದು ಗಂಡೋ ಹೆಣ್ಣೋ ಎಂದು ‘ಅವರು’ ಎಂಬ ಮಾತು ಯಾವತ್ತೂ ವಿಚಾರಿಸಿಲ್ಲ. ನಿಮಗೆ ಗೊತ್ತಿರುವ ವಿಷಯವೇ. ಗೊತ್ತಿದ್ದೂ ಸುಮ್ಮನಿದ್ದೀರಿ, ಅಷ್ಟೇ.

ಜಯನಗರದ ಸೀತಮ್ಮನಿಗಂತೂ ಅದು ಬಾಯಲ್ಲೇ ಬೆಳೆದ ಮಾತು. ಗಂಡ ಬದರಿನಾಥರ ಹೆಸರನ್ನು ಒಮ್ಮೆಯೂ ಎತ್ತಿದವರಲ್ಲ. ‘ಅವರು ಮಲಗಿದ್ದಾರೆ’, ‘ಅವರು ಬಂದ ಮೇಲೆ ಕೇಳ್ತೀನಿ’. ಸಿಲಿಂಡರ್ ತರುವವನಿಗೂ, ಬಾಡಿಗೆ ಮನೆ ನೋಡಲು ಬಂದವರಿಗೂ ಆ ಮಾತನ್ನು ಧಾರಾಳವಾಗಿ ಹಂಚಿದ ಬಾಯಿ, ಹೆತ್ತ ಮಗು ಕೇಳಿದಾಗ ಬಿಗಿದುಕೊಂಡಿತು.

ಕೇಳಿದ್ದು ಬಿಟಿಎಂನ ಪಿ.ಜಿ.ಯಲ್ಲಿದ್ದು ಕೆಲಸಕ್ಕೆ ಹೋಗುತ್ತಿದ್ದ ಧೃತಿ. “ನಾನು ಹುಡುಗೀನೂ ಅಲ್ಲ, ಹುಡುಗಾನೂ ಅಲ್ಲಮ್ಮ. ಬೇರೆಯವರ ಹತ್ರ ನನ್ ವಿಷಯ ಬಂದ್ರೆ ‘ಅವಳು’ ಅನ್ಬೇಡ, ‘ಅವರು’ ಅನ್ನು. ಇನ್ನೇನೂ ಬೇಡ.”

“ನನ್ ಹೊಟ್ಟೇಲಿ ಹುಟ್ಟಿದ್ದಕ್ಕೆ ನಾನೇ ಬಹುವಚನ ಹಾಕ್ಲಾ?” ಎಂದು ಗೊಣಗಿದರೂ, ಕಡೆಗೆ ಸೀತಮ್ಮ “ಆಯ್ತು ಬಿಡು” ಎಂದು ತಲೆ ಸವರಿದ್ದರು.

ಬದರಿನಾಥರ ಅರವತ್ತರ ಶಾಂತಿಯ ದಿನ. ಪಂಕ್ತಿಯಲ್ಲಿ ಕೂತಿದ್ದ ಓರಗಿತ್ತಿ ಮೈತ್ರೇಯಿ ಎಲ್ಲರಿಗೂ ಕೇಳುವಂತೆ ತೆಗೆದರು: “ಏನೇ ಸೀತು, ಮಗಳಿಗೆ ಅವರು-ಇವರು ಅನ್ಬೇಕಂತೆ? ದಿನಾ ಪಾದಪೂಜೇನೂ ಮಾಡ್ತೀಯಾ?”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಸೀತಮ್ಮನೂ ನಕ್ಕರು. “ಅಯ್ಯೋ ಬಿಡಿ ಅಕ್ಕ, ಅದಕ್ಕೆ ತಲೆ ಕೆಟ್ಟಿದೆ.”

ಹಿಂದೆಯೇ ಹುಳಿ ಬಡಿಸುತ್ತ ಬರುತ್ತಿದ್ದ ಧೃತಿ ಬಕೆಟ್ಟನ್ನು ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಆಮೇಲೆ ಅಮ್ಮನ ಫೋನ್ ಎತ್ತಲೇ ಇಲ್ಲ.

ಬಾಯಿತಪ್ಪಿ ಅಂದೆ ಎಂದು ಸೀತಮ್ಮ ಗಂಡನಿಗೆ ಹೇಳಿದರು. ಸುಳ್ಳು. ನಾಯಿಗೆ, ಕುರ್ಚಿಗೆ ಅನ್ನುವ ‘ಅದು’ ಎಂಬ ಮಾತನ್ನು ನಾಲಿಗೆ ಬೇಕೆಂದೇ ಆರಿಸಿಕೊಂಡಿತ್ತು. ನಗುವವರ ಸಾಲಿನಲ್ಲಿ ತನಗೂ ಒಂದು ಜಾಗ ಬೇಕಿತ್ತು. ಅದಕ್ಕೆ ಮಗುವನ್ನು ಉಪ್ಪಿನಕಾಯಿಯ ಹಾಗೆ ಎಲೆಯ ತುದಿಗೆ ಬಡಿಸಿಬಿಟ್ಟಿದ್ದರು.

ಅನ್ನ ಸೇರದಾಯಿತು. ಒಂದು ಬೆಳಿಗ್ಗೆ ಆಟೋ ಹತ್ತಿ ಪಿ.ಜಿ.ಗೆ ಹೋದರು. ಬಾಗಿಲಲ್ಲಿ ಪಿ.ಜಿ.ಯ ಒಡತಿ ಸೊಣ್ಣಮ್ಮ ಸೊಪ್ಪು ಬಿಡಿಸುತ್ತಿದ್ದರು. ದಾರಿಯುದ್ದಕ್ಕೂ ತುಟಿಯೊಳಗೇ ರೂಢಿ ಮಾಡಿಕೊಂಡು ಬಂದದ್ದನ್ನು ಸೀತಮ್ಮ ಹೇಳಿದರು: “ಧೃತಿ... ಅವರು ಇದ್ದಾರಾ?”

“ಅವ್ರು ಹೋದ್ ವಾರಾನೇ ರೂಂ ಖಾಲಿ ಮಾಡಿದ್ರಲ್ಲ ಆಂಟಿ. ಎಲ್ಲಿಗೆ ಅಂತ ಹೇಳ್ಲಿಲ್ಲ. ಪಾಪ, ಒಳ್ಳೇವ್ರು. ನೀವು ಅವ್ರಿಗೆ ಏನಾಗ್ಬೇಕು?”

ತಾಯಿ ಎನ್ನಲು ಸೀತಮ್ಮನಿಗೆ ನಾಲಿಗೆ ಏಳಲಿಲ್ಲ. “ಪರಿಚಯ” ಎಂದು ಮೆಟ್ಟಿಲಿಳಿದರು.

ನಿಮ್ಮ ಮನೆಯಲ್ಲೂ ಯಾರೋ ಕೇಳಿದ್ದಾರೆ, ಇಲ್ಲವೇ ಕೇಳಲು ಹೆದರಿ ಕೂತಿದ್ದಾರೆ. ನಗುವವರು ನಗಲಿ. ನಾಲ್ಕು ಜನರ ಎದುರಿಗೇ, ಇವತ್ತೇ, ‘ಅವರು’ ಅನ್ನಿ.