ಬೆತ್ತದಕ್ಕ ಬೆಳೆದ ಮಣಿಹುಲ್ಲು

ಓಣಿಯವರು ಅವಳನ್ನು ಬೆತ್ತದಕ್ಕ ಎನ್ನುತ್ತಿದ್ದರು. ಏಳನೆಯ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋಗಿತ್ತು. ಈಗ ಇಪ್ಪತ್ತೆರಡು ವರ್ಷದಿಂದ ಅಣ್ಣನ ಮನೆಯ ಮುಂಗೋಣೆಯಲ್ಲಿ ಕುಳಿತು ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದಳು.

ಒಮ್ಮೆ ಕುರ್ಚಿ ಒಯ್ಯಲು ಬಂದ ಮುದಿ ಮೇಷ್ಟ್ರು ಅವಳ ಅಂಗೈಗೆ ಐದು ಮಣಿ ಹಾಕಿದರು. ನುಣುಪಾಗಿ, ಕಲ್ಲಿನಷ್ಟು ಗಟ್ಟಿಯಾಗಿದ್ದವು.

"ಗಾಜಾ?"

"ಹುಲ್ಲಿನ ಬೀಜ ಕಣಮ್ಮ. ದಾರ ಪೋಣಿಸೋ ತೂತೂ ಅದರಲ್ಲೇ ಇರುತ್ತೆ. ಒಳಗಿನ ಕಾಳು ತಿನ್ನಲೂಬಹುದು."

"ಹುಲ್ಲಲ್ಲಿ ಮಣಿ ಬಿಡುತ್ತಾ? ಕಿವಿ ಮೇಲೆ ಹೂವಿಡ್ತಿದ್ದೀರ, ಮೇಷ್ಟ್ರೇ."

ಆದರೂ ಬೀಜಗಳನ್ನು ಒಂದು ದಿನ ನೆನೆಹಾಕಿ, ಖಾಲಿ ಪೇಂಟ್ ಡಬ್ಬದಲ್ಲಿ ಊರಿ, ಹಿತ್ತಿಲ ಮೆಟ್ಟಿಲ ಮೇಲಿಟ್ಟಳು. ಹನ್ನೆರಡನೆಯ ದಿನ ಮಣ್ಣಿನ ಮೇಲೆ ಬೆರಳಾಡಿಸಿದಾಗ ಸೂಜಿಮೊನೆಯಂಥ ಮೂರು ಮೊಳಕೆ ಸಿಕ್ಕವು. ಅಂದಿನಿಂದ ಕೈ ಬೆತ್ತದಲ್ಲಿದ್ದರೂ ಜೀವವೆಲ್ಲ ಮೆಟ್ಟಿಲಲ್ಲೇ. ಎರಡು ಸಾಲು ಹೆಣೆಯುವಳು, ಎದ್ದು ಹೋಗಿ ಗೆಣ್ಣು ಎಣಿಸಿ ಬರುವಳು. ಜೋಳದ ಗರಿಯಂಥ ಎಲೆಗಳು ಅವಳ ಭುಜ ಮುಟ್ಟಿದವು.

ಬಟ್ಟೆ ಒಣಹಾಕುವ ಜಾಗ ಹೋಯಿತೆಂದು ಅತ್ತಿಗೆಗೆ ಸಿಟ್ಟು. "ಇಷ್ಟು ಹುಲ್ಲು ಬೆಳೆಸಿದ್ದೀಯಲ್ಲ, ಮೇಯೋಕೆ ಹಸು ಯಾವಾಗ ಬರುತ್ತೆ?"

"ನೀವಿದ್ದೀರಲ್ಲ, ಅತ್ತಿಗೆ."

ಅತ್ತಿಗೆ ನಕ್ಕುಬಿಟ್ಟಳು. ಡಬ್ಬ ಅಲ್ಲೇ ಉಳಿಯಿತು.

ನಾಲ್ಕನೆಯ ತಿಂಗಳಲ್ಲಿ ಹಸಿ ಬಟಾಣಿಯಂಥ ಕಾಳು ಕಟ್ಟಿದವು. ಆತುರ ತಡೆಯಲಾರದೆ ಎರಡನ್ನು ಕಿತ್ತು, ಹಾಳುಮಾಡಿ, ತನ್ನನ್ನೇ ಬೈದುಕೊಂಡಳು. ಆಮೇಲೊಂದು ಬೆಳಿಗ್ಗೆ, ಮುಟ್ಟಿದ ಕಾಳು ಉಗುರಿಗೆ ಜಗ್ಗಲಿಲ್ಲ. ತಿರುಚಿದ್ದೇ ತಡ, ಕೈಗೆ ಬಂತು. ಒಳಗಿನ ಒಣ ನಾರನ್ನು ಎಳೆದು ಸೂಜಿ ತೂರಿಸಿದಳು. ಸರ್ರನೆ ಆಚೆ ಬಂತು.

"ಅತ್ತಿಗೇ, ಬೇಗ ಬನ್ನಿ. ಇದರ ಬಣ್ಣ ಹೇಳಿ."

ಅತ್ತಿಗೆ ಸೋಪಿನ ಕೈಯಲ್ಲೇ ಓಡಿಬಂದಳು. "ಇದು ಬೂದಿ. ಇದು ಬಿಳಿ, ಹಾಲುಹಲ್ಲಿನ ಹಾಗೆ. ತಾಳು, ಇಲ್ಲೊಂದು ಕಪ್ಪು... ಎಣ್ಣೆ ಸವರಿದಂಗೆ ಹೊಳೀತಿದೆ ಕಣೇ."

ಇಬ್ಬರೂ ಮೆಟ್ಟಿಲ ಮೇಲೆ ಕೂತು ಬಿಡಿಸಿದ್ದೇ ಬಿಡಿಸಿದ್ದು. ಮಧ್ಯಾಹ್ನ ಅಣ್ಣ ಬಂದಾಗ ಒಲೆಯ ಮೇಲೆ ಅನ್ನವಿರಲಿಲ್ಲ. ಕಲ್ಲಿನಿಂದ ಒಡೆದು ತೆಗೆದ ಒಂದು ಹಿಡಿ ಕಾಳು ಬೇಯುತ್ತಿತ್ತು. ಅವನು ಗೊಣಗುತ್ತಲೇ ಅಗಿದು, ಬಟ್ಟಲು ಮುಂದೆ ಚಾಚಿದ. "ಇನ್ನಿದೆಯಾ?"

ಸಂಜೆ ಬೆತ್ತದಕ್ಕ ಪೋಣಿಸಿದ ಸರವನ್ನು ಹಾಕಿಕೊಂಡು ನಲ್ಲಿ ನೀರಿಗೆ ಹೋದ ಅತ್ತಿಗೆ ಬಹಳ ಹೊತ್ತು ಬರಲೇ ಇಲ್ಲ. ಬಂದಾಗ ಬಕೆಟ್ ಖಾಲಿ.

"ಏಳು ಜನ ಕೇಳಿದ್ರು ಕಣೇ. ಎಲ್ಲರಿಗೂ ಬೀಜ ಕೊಡ್ತೀವಿ ಅಂದುಬಿಟ್ಟೆ."

ಮರುವರ್ಷ ಬೆತ್ತದಕ್ಕ ಓಣಿಯಲ್ಲಿ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಯಾರಾದರೂ ಕೂಗುತ್ತಿದ್ದರು. ಅವಳು ಹೋಗಿ, ತೆನೆ ಮುಟ್ಟಿ, ಗತ್ತಿನಿಂದ ಹೇಳುತ್ತಿದ್ದಳು: "ನಿಮ್ಮದಿನ್ನೂ ಎಳಸು. ಹದಿನೈದು ದಿನ ಕೈ ಹಚ್ಚಬೇಡಿ."