ಜಬ್ಬಾರನ ಮಸುಕಿಲ್ಲದ ಫೋಟೋ

ರಾಮನಗರದ ಜಬ್ಬಾರನಿಗೆ ರೇಷ್ಮೆ ನೂಲು ತೆಗೆಯುವುದು ಹೊಟ್ಟೆಪಾಡು, ಫೋಟೋ ತೆಗೆಯುವುದು ಹುಚ್ಚು. ರೇಷ್ಮೆಗೆ ಬಂಗಾರದ ಕಾಲವಾಗಿದ್ದ ಎಂಬತ್ತರ ದಶಕದಲ್ಲಿ ಹಳೆ ಕ್ಯಾಮೆರಾ ಕೊಂಡವನು, ಫೋಟೋ ತೆಗೆಯಲು ಕತ್ತಲ ಕೋಣೆಗಳನ್ನೇ ಹುಡುಕಿಕೊಂಡು ಹೋಗುತ್ತಿದ್ದ. ತೆಗೆದದ್ದೆಲ್ಲ ಮಸುಕು. ಬೆಂಗಳೂರಿನ ಪ್ರದರ್ಶನಕ್ಕೆ ಎರಡು ಸಲ ಕಳಿಸಿದ್ದೂ ವಾಪಸ್ ಬಂತು. "ಕೈ ನಡುಗಿದೆ" ಅಂತ ಚೀಟಿ ಬೇರೆ! ಜಬ್ಬಾರನಿಗೆ ಮೈಯೆಲ್ಲ ಉರಿದುಹೋಯಿತು.

ಮೂರನೇ ಸಲದ ಫೋಟೋಗೆಂದು ಅವನು ಹೋದದ್ದು ಬೈರಾಪಟ್ಟಣದ ಲಕ್ಷ್ಮಿದೇವಮ್ಮ ರೇಷ್ಮೆ ಹುಳು ಸಾಕುವ ಹುಳುಮನೆಗೆ. ಕೈಗುಣಕ್ಕೆ ಊರಲ್ಲೇ ಹೆಸರಾದ ಹೆಂಗಸು. ಯಾರ ಮನೆಯಲ್ಲಿ ಹುಳು ಮೇವು ಬಿಟ್ಟು ಹಣ್ಣಾದರೂ, ಅವು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಮೊದಲ ಹುಳು ಬಿಡಲು ಅವಳೇ ಬರಬೇಕು. ಅಂದು ಅವಳ ಹುಳುಗಳೂ ಆಗತಾನೆ ಚಂದ್ರಿಕೆ ಹತ್ತಿದ್ದವು.

"ಸಾಬ್ರೆ, ಕಿಟಕಿ ಗೋಣಿಚೀಲ ಮುಟ್ಟಬ್ಯಾಡಿ. ಒಂದ್ ಕಡೆಯಿಂದ ಬೆಳಕು ಬಿದ್ರೆ ಹುಳ ಎಲ್ಲಾ ಕತ್ಲೆ ಕಡೀಕೆ ನುಗ್ತವೆ," ಎಂದು ಹೇಳಿ ಅವಳು ಹಸು ಹೊಡೆದುಕೊಂಡು ಕೆರೆ ಕಡೆ ಹೋದಳು.

ದಿನಾ ರೇಷ್ಮೆಗೂಡುಗಳ ನಡುವೆಯೇ ಬದುಕುವ ಜಬ್ಬಾರನಿಗೆ ಇದು ಗೊತ್ತಿಲ್ಲದ ಮಾತೇ? ಆದರೂ ತನ್ನ ಹೆಗಲ ಚೀಲದಿಂದ ದೊಡ್ಡ ಬಲ್ಬು ತೆಗೆದು ಚಂದ್ರಿಕೆಯ ಎಡಕ್ಕೆ ತೂಗುಹಾಕಿದ. ಗೋಣಿ ಮುಟ್ಟಲಿಲ್ಲವಲ್ಲ ಅಂತ ಸಮಾಧಾನ ಬೇರೆ! ಐದು ನಿಮಿಷ ಅಂದುಕೊಂಡದ್ದು ಇಡೀ ಮಧ್ಯಾಹ್ನ ಹಿಡಿಯಿತು. ಹೊರಗೆ ಹಸುವಿನ ಗಂಟೆ ಕೇಳಿದ್ದೇ ತಡ, ಸುಡುವ ಬಲ್ಬನ್ನು ಬರಿಗೈಯಲ್ಲೇ ಬಿಚ್ಚಿ ಚೀಲಕ್ಕೆ ತುರುಕಿದ.

ಫೋಟೋ ಬಂತು. ಅಬ್ಬಾ, ಹುಳುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು!

ಮರುವಾರ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಲಕ್ಷ್ಮಿದೇವಮ್ಮನ ರಾಶಿಗೆ ಕೈಹಾಕಿದವನು ತಟ್ಟನೆ ಕೈ ಹಿಂದೆಗೆದ. ತುಂಬ ಜೋಡಿಗೂಡು. ಎರಡು ಹುಳು ಸೇರಿ ಕಟ್ಟಿದ, ನೂಲು ಸರಿಯಾಗಿ ಬಿಚ್ಚದ ಗೂಡು. ಕೊಳ್ಳುವವರು ಮೂಗು ಮುರಿದು ಮುಂದೆ ಹೋದರು.

"ನನ್ ಕೈಯೇ ಕೆಟ್ಟೋಯ್ತು ಸಾಬ್ರೆ. ಹುಳ ಒತ್ತಾಗಿ ಬುಟ್ಬುಟ್ಟೆ ಅಂತ ಕಾಣ್ತದೆ. ನೆನ್ನೆ ನಮ್ಮೂರ ಬೀರಯ್ಯನ ಮನೇಲಿ ಹುಳ ಹಣ್ಣಾದ್ವು, ನನ್ನ ಕರೀಲೇ ಇಲ್ಲ," ಎಂದಳು ಲಕ್ಷ್ಮಿದೇವಮ್ಮ. ಜಬ್ಬಾರ ಗೂಡು ಕೊಳ್ಳದೆಯೇ ಎದ್ದು ಹೊರಟ.

ಮನೆಗೆ ಬಂದು ಫೋಟೋ ಮತ್ತೆ ನೋಡಿದ. ಚಂದ್ರಿಕೆಯ ಎಡಭಾಗ ಖಾಲಿ. ಬಲಗಡೆ ನೆರಳಿನಲ್ಲಿ ಹುಳುಗಳು ಒಂದರ ಮೇಲೊಂದು. ಮಸುಕಾಗಿದ್ದರೆ ಕಾಣುತ್ತಲೇ ಇರಲಿಲ್ಲ. ಹಾಳಾದ್ದು, ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ! ಪ್ರದರ್ಶನಕ್ಕೆ ಕಳಿಸಲು ನಾಳೆಯೇ ಕೊನೆ ದಿನ. ಸುಮ್ಮನಿದ್ದರೆ ಯಾರಿಗೂ ತಿಳಿಯದು, ಆದರೆ ಅವಳ ಹೆಸರು ಹೋಗೇ ಹೋಗುತ್ತದೆ.

ಬೆಳಿಗ್ಗೆ ಅಂಚೆ ಕಚೇರಿಯನ್ನು ದಾಟಿ ಬೈರಾಪಟ್ಟಣದ ಬಸ್ಸು ಹತ್ತಿದ. ಬೀರಯ್ಯನ ಜಗಲಿಯಲ್ಲಿ ಲಕ್ಷ್ಮಿದೇವಮ್ಮನನ್ನೂ ಕರೆಸಿ, ನಾಲ್ಕು ಜನರ ಎದುರು ಫೋಟೋ ಇಟ್ಟ.

"ಬಲ್ಬು ಹಾಕಿದ್ದು ನಾನು. ಈ ಅಮ್ಮನ ಕೈಯಲ್ಲಿ ಏನೂ ತಪ್ಪಿಲ್ಲ."

"ಥೂ! ಗೂಡು ಕೊಳ್ಳೋನೇ ಹಿಂಗ್ ಮಾಡದಾ?" ಎಂದ ಬೀರಯ್ಯ.

ಲಕ್ಷ್ಮಿದೇವಮ್ಮ ಫೋಟೋವನ್ನು ಎತ್ತಿಕೊಂಡು ಹೋದಳು. ಬೆಂಗಳೂರಿಗೆ ಹೋಗಬೇಕಿದ್ದ ಫೋಟೋ ಬೈರಾಪಟ್ಟಣದ ಮನೆಮನೆ ತಿರುಗಿತು. ಜನ ಅವಳನ್ನು ಮತ್ತೆ ಕರೆಯತೊಡಗಿದರು.

ಮುಂದಿನ ಬೆಳೆಯ ಹುಳು ಹಣ್ಣಾದಾಗ ಅವಳೇ ಜಬ್ಬಾರನಿಗೆ ಹೇಳಿಕಳಿಸಿದಳು. ಬಾಗಿಲಲ್ಲಿ ಅವನ ಹೆಗಲ ಚೀಲ ನೋಡಿ ಕೈ ಅಡ್ಡ ಹಿಡಿದಳು.

"ಅದನ್ನ ಆಚೆ ಮಡಗಿ. ನೀವು ಒಳೀಕ್ ಬನ್ನಿ."