ಮಕ್ಕಳ ಬಾಯಿಂದ ಮರುಭೂಮಿ

ಮೇಷ್ಟ್ರ ತರಬೇತಿಗೆಂದು ಟಿಸಿಎಚ್ ಓದುವಾಗ ನಮಗೊಂದು ಕಟ್ಟಳೆಯಿತ್ತು. ಪಾಠದ ಹೆಸರನ್ನು ಮೇಷ್ಟ್ರಾದವನು ತಾನಾಗಿ ಹೇಳುವ ಹಾಗಿಲ್ಲ. ಪೀಠಿಕೆಯ ಪ್ರಶ್ನೆ ಕೇಳಿ ಕೇಳಿ ಅದನ್ನು ಮಕ್ಕಳ ಬಾಯಿಂದಲೇ ಹೊರಡಿಸಬೇಕು. ಆಮೇಲೆ, ಅದು ತನಗೂ ಈಗಷ್ಟೇ ಗೊತ್ತಾದಂತೆ ಮುಖ ಮಾಡಿ ಬೋರ್ಡಿನ ಮೇಲೆ ಬರೆಯಬೇಕು. ಅಲ್ಲಿಯವರೆಗೆ ಚಾರ್ಟ್ ಕೂಡ ಬಿಚ್ಚಕೂಡದು.

ಅಂಕ ಹಾಕುವ ಪಾಠಕ್ಕೆ ನನಗೆ ಸಿಕ್ಕಿದ್ದು ಮರುಭೂಮಿಯ ಭೂಸ್ವರೂಪಗಳು. ಶಾಲೆ ಬೆಟ್ಟದಪುರದ ಪಕ್ಕದ ಹಳ್ಳಿಯದು. ಹೆಂಚಿನ ಮೇಲೆ ಬೆಳಗಿನಿಂದ ಮಳೆ. ಇದರಲ್ಲಿ ಫೇಲಾದರೆ ಇನ್ನೊಂದು ವರ್ಷ ಇದೇ ಕಟ್ಟಳೆ, ಇದೇ ಚಾರ್ಟು.

ಹಿಂದಿನ ಬೆಂಚಿನಲ್ಲಿ ಅಂಕದ ಪುಸ್ತಕ ಹಿಡಿದು ನಮ್ಮ ಲೆಕ್ಚರರು ಕೂತಿದ್ದರು. ಮಾತಿಗೊಮ್ಮೆ "ಸರಿಯಷ್ಟೆ?" ಎಂದು ಮೂಗಿನಲ್ಲಿ ಎಳೆಯುವವರು. ಅವರನ್ನು ಅನುಕರಿಸಿಯೇ ನಾನು ಹಾಸ್ಟೆಲಿನಲ್ಲಿ ಹೆಸರು ಮಾಡಿದ್ದೆ. ನನ್ನ ಸ್ವಂತ ಧ್ವನಿ ಹೇಗಿತ್ತೆಂಬುದು ಅಷ್ಟರಲ್ಲಿ ನನಗೇ ಮರೆತುಹೋಗಿತ್ತು.

"ಮಕ್ಕಳೇ, ಮರಳು ರಾಶಿ ರಾಶಿಯಾಗಿ ಎಲ್ಲಿ ಸಿಗುತ್ತದೆ?"

"ಸಾಲಿಗ್ರಾಮದ ಒಳೇಲಿ ಸಾ! ನಮ್ಮಪ್ಪ ಟ್ರ್ಯಾಕ್ಟ್ರಲ್ಲಿ ತತ್ತಾರೆ."

ಹೊಳೆಯನ್ನು ಅಲ್ಲೇ ಬಿಟ್ಟು ಮುಂದೆ ಹೋದೆ. "ಮಳೆಯೇ ಬೀಳದ ಜಾಗ ಯಾವುದು?"

"ಇದೇ ಸಾ," ಎಂದು ಮೂಲೆಯ ಹುಡುಗ ತಾನು ಕೂತ ಜಾಗ ತೋರಿಸಿದ. "ಅಲ್ಲೆಲ್ಲ ಸೋರ್ತದೆ, ಇಲ್ಲಿ ಸೋರಕಿಲ್ಲ."

"ಒಂಟೆ ಎಲ್ಲಿರುತ್ತದೆ?"

"ಮೈಸೂರು ಝೂನಲ್ಲಿ ಸಾ!" ಇಡೀ ತರಗತಿ ಕೂಗಿತು. ಹಿಂದಿನ ವರ್ಷ ಪ್ರವಾಸ ಹೋಗಿ ಕಣ್ಣಾರೆ ನೋಡಿ ಬಂದವರು. ತಪ್ಪು ಅನ್ನುವುದು ಹೇಗೆ?

ಕೊನೆಯ ಉಪಾಯವೆಂದು ಶಾಲೆಯ ಹಳೇ ಭಾರತದ ನಕ್ಷೆ ತೂಗುಹಾಕಿ, ರಾಜಸ್ಥಾನದ ಮೇಲೆ ಕೋಲಿಟ್ಟೆ. "ಇಲ್ಲಿ ಏನಿದೆ?"

"ತೂತು ಸಾ! ಇಲಿ ಕಡ್ದದೆ."

ತಿರುಗಿ ನೋಡಿದರೆ ನಿಜ. ಜೈಸಲ್ಮೇರಿನಿಂದ ಜೋಧಪುರದವರೆಗೆ ಗೋಡೆಯ ಸುಣ್ಣ ಕಾಣುತ್ತಿತ್ತು.

ಆ ಕೋಣೆಯಲ್ಲಿದ್ದ ಒಂದೇ ಮರುಭೂಮಿಯೆಂದರೆ ನನ್ನ ಬಾಯಿ. ಗಾಬರಿಯಾದಾಗ ನನ್ನ ಗಂಟಲು ನನ್ನದಾಗಿ ಉಳಿಯುವುದಿಲ್ಲ. "ಏನೂ ಬೆಳೆಯದ ವಿಶಾಲವಾದ ನೆಲ... ಸರಿಯಷ್ಟೇಏ?" ಎಂದುಬಿಟ್ಟೆ. ಅದು ಅಚ್ಚುಕಟ್ಟಾಗಿ ಮೂಗಿನಿಂದಲೇ ಬಂತು. ಹಿಂದಿನ ಬೆಂಚಿನಲ್ಲಿ ಪೆನ್ನು ನಿಂತಿತು.

ಲೆಕ್ಚರರು ಎದ್ದು ಬಂದರು. "ನೀನು ಪಕ್ಕಕ್ಕೆ ನಿಲ್ಲಪ್ಪ. ಪ್ರಶ್ನೆ ಸರಳವಾಗಿರಬೇಕು, ಸರಿಯಷ್ಟೆ? ಮಕ್ಕಳೇ, ನೀರಿಲ್ಲ, ಬೆಳೆಯಿಲ್ಲ, ಬರೀ ಬಯಲು. ಅದಕ್ಕೇನನ್ನುತ್ತೇವೆ? ಹೇಳಿ, ಸರಿಯಷ್ಟೆ?"

ಮುಂದಿನ ಸಾಲಿನ ಹುಡುಗಿ ನನ್ನ ಕಡೆ ತಿರುಗಿ ಕಿಸಕ್ಕನೆ ನಕ್ಕಳು. "ಸಾ, ಈ ಸಾ ನಿಮ್ಮಂಗೇ ಮಾತಾಡ್ತಾರೆ ಸಾ!"

"ಈ ಸಾ ಅವರ್ನ ಅಣಕುಸ್ತಾವ್ರೆ ಕಣಮ್ಮಿ, ಸುಮ್ಕಿರು," ಎಂದು ಪಕ್ಕದವಳು ಪಿಸುಗುಟ್ಟಿದ್ದು ವರಾಂಡದವರೆಗೂ ಕೇಳಿಸಿತು.

ಲೆಕ್ಚರರ ಕಿವಿ ಕೆಂಪಾಯಿತು. "ಉತ್ತರ?" ಎಂದರು.

"ಬೀಳು ಸಾ!"

"ಗೋಮಾಳ ಸಾ!"

"ಎಡ್‌ಮಾಸ್ಟ್ರ ತ್ವಾಟ ಸಾ!"

ಬೆಲ್ಲು ಹೊಡೆಯಿತು. ಬೋರ್ಡಿನ ಮೇಲೆ ದಿನಾಂಕವಿತ್ತು, ತರಗತಿಯಿತ್ತು. ಪಾಠದ ಹೆಸರು ಬರೆಯುವ ಜಾಗ ಥಾರ್‌ನಷ್ಟೇ ಖಾಲಿ. ಅರ್ಧಚಂದ್ರನ ಆಕಾರದ ಮರಳುದಿಬ್ಬವನ್ನು ಕರ್ಜಿಕಾಯಿಯಂತೆ ಬರೆದು ಬಣ್ಣ ತುಂಬಿದ್ದ ನನ್ನ ಚಾರ್ಟು ಸುರುಳಿಯಲ್ಲೇ ಉಳಿಯಿತು.

ವರಾಂಡದಲ್ಲಿ ಅವರು ನನ್ನ ಮುಖ ನೋಡದೆ ಪುಸ್ತಕ ತುಂಬಿದರು. ಕೈಗೆ ಕೊಟ್ಟಾಗ ಮೇಲಿನಿಂದ ಓದುತ್ತ ಬಂದೆ. ಪೀಠಿಕೆ: ದೀರ್ಘವಾಯಿತು. ವಿಷಯ: ತಲುಪಲಿಲ್ಲ. ಬೋಧನೋಪಕರಣ: ಬಳಸಲಿಲ್ಲ. ಎಲ್ಲ ಕಡೆಯೂ ಅಂಕ ತೀರಾ ಬಡಕಲು. 'ಧ್ವನಿ ಮತ್ತು ಉಚ್ಚಾರಣೆ' ಎಂಬಲ್ಲಿ ಮಾತ್ರ ಪೂರ್ತಿ ಕೊಟ್ಟಿದ್ದರು. ಅದೊಂದರಿಂದ ಕೂದಲೆಳೆಯಲ್ಲಿ ಪಾಸಾದೆ.

ಪಾಪ, ತಮ್ಮ ಧ್ವನಿಗೆ ತಾವೇ ಹೇಗೆ ಅಂಕ ಕತ್ತರಿಸಿಯಾರು?